ಬೆರಕೆ ಚೀಟಿ

ಆರಿಸುವ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವಳಿಗೆ ಭೂತಗನ್ನಡಿ ಎಂಬ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಉಳಿದವರು ಗಾಜು ಹಿಡಿದು ನೋಡುವುದನ್ನು ಅವಳು ಬರಿಗಣ್ಣಲ್ಲಿ ನೋಡುತ್ತಿದ್ದಳು. ಒಂದು ಹಿಡಿ ಬೀನ್ಸ್ ಬೀಜ ತಟ್ಟೆಗೆ ಸುರಿದರೆ ಸಾಕು, ಬೆರಳುಗಳು ತಾವಾಗಿ ಓಡಾಡಿ ಕಂದು ಬೀಜವನ್ನು ಒಂದು ಕಡೆ, ಕಂದಿನ ಮೇಲೆ ಗೀಟು ಎಳೆದದ್ದನ್ನು ಇನ್ನೊಂದು ಕಡೆ, ಗೀಟು ಅರ್ಧಕ್ಕೇ ನಿಂತುಹೋದದ್ದನ್ನು ಮತ್ತೊಂದು ಕಡೆ ಸರಿಸಿಬಿಡುತ್ತಿದ್ದವು. ಯಾರದೋ ಹೊಲದಿಂದ ಬಂದ ಒಂದೇ ಚೀಲದಲ್ಲಿ ಹನ್ನೆರಡು ಹದಿನಾಲ್ಕು ತಳಿ ಅಡಗಿ ಕೂತಿರುತ್ತಿದ್ದವು. ಮೇಲಿನ ಮಹಡಿಯ ವಿಜ್ಞಾನಿಗಳು ಲಕ್ಷಗಟ್ಟಲೆ ಬೆಲೆಯ ಯಂತ್ರ ಇಟ್ಟುಕೊಂಡು ಅವುಗಳ ಡಿಎನ್‌ಎ ಓದುತ್ತಿದ್ದರು, ನಿಜ. ಆದರೆ ಕೆಳಗಿನ ಹೆಂಗಸರು ಬೇರೆ ಮಾಡಿ ಪೊಟ್ಟಣ ಕಟ್ಟಿ ಕೊಟ್ಟರೆ ತಾನೆ ಯಂತ್ರಕ್ಕೆ ಓದಲು ಏನಾದರೂ ಸಿಗುವುದು.

ಕೋಣೆಯಲ್ಲಿ ಎರಡೇ ಕಟ್ಟಳೆ. ಮೊದಲನೆಯದನ್ನು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದರು: ಬೇರೆಯಾಗಿ ಕಂಡದ್ದನ್ನು ಎಸೆಯಬೇಡಿ. ಸಾವಿರ ಬೀಜದ ನಡುವೆ ಒಂದೇ ಒಂದು ವಿಚಿತ್ರವಾದದ್ದು ಸಿಕ್ಕರೂ ಅದಕ್ಕೊಂದು ಪೊಟ್ಟಣ, ಅದಕ್ಕೊಂದು ನಂಬರು. ಎರಡನೆಯ ಕಟ್ಟಳೆಯನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ಕೈ ತಪ್ಪಿ ಎರಡು ಚೀಲದ ಬೀಜ ಬೆರೆತುಹೋದರೆ, ಬೆರೆಸಿದವಳೇ ಹಳದಿ ಚೀಟಿಯ ಮೇಲೆ ಯಾವ ಚೀಲ, ಯಾವ ದಿನ, ಯಾರ ಕೈ ಎಂದು ಬರೆದು ಚೀಲದ ಕೊರಳಿಗೆ ದಾರ ಹಾಕಿ ಕಟ್ಟಬೇಕು. ಅದಕ್ಕೆ ಬೆರಕೆ ಚೀಟಿ ಎಂದು ಹೆಸರು. ಕಟ್ಟಿದವಳಿಗೆ ಬೈಗುಳವಿಲ್ಲ. ಮುಚ್ಚಿಟ್ಟವಳ ಪಕ್ಕದಲ್ಲಿ ಕೂತು ಯಾರೂ ಊಟ ಮಾಡುವುದಿಲ್ಲ. ಕೆಲಸಕ್ಕೆ ಸೇರಿದ ಮೂರನೇ ವರ್ಷ ಭೂತಗನ್ನಡಿಯೂ ಒಮ್ಮೆ ಎರಡು ಚೀಲ ಬೆರೆಸಿ ಗೊಳೋ ಎಂದು ಅತ್ತಿದ್ದಳು. ಆಗ ಕೆಲಸ ಕಲಿಸಿದ ಮುದುಕಿ ಚೀಟಿ ಕೈಗಿಟ್ಟು ಹೇಳಿದ್ದಳು: "ಬೆರೆಸಿದ್ದು ಕೈ ತಪ್ಪು ಕಣೆ. ಮುಚ್ಚಿಟ್ರೆ ಮಾತ್ರ ಅದು ನಿನ್ನ ತಪ್ಪು."

ಬೀಜಕ್ಕೆ ಇಷ್ಟೆಲ್ಲ ಮರ್ಯಾದೆ. ಆರಿಸುವವರಿಗೆ ನೆಲ. ದಿನಕ್ಕೆ ಎಂಟು ಗಂಟೆ ಸಿಮೆಂಟಿನ ಮೇಲೆ ಚಾಪೆ ಹಾಸಿ, ಒಂದು ಕಾಲು ಮಡಿಸಿ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ನಲವತ್ತೆಂಟು ಹೆಂಗಸರು ಕೂರುತ್ತಿದ್ದರು. ಗಂಟೆ ಬಾರಿಸಿದಾಗ ಒಟ್ಟಿಗೆ ಏಳುವ ಹೊತ್ತಿಗೆ ಮೊಣಕಾಲುಗಳಿಂದ ಒಣಕಡ್ಡಿ ಮುರಿದ ಸದ್ದು. "ಕಟ್ಟಿಗೆ ಡಿಪೋ ತೆರೀತು ನೋಡ್ರೇ" ಎಂದು ರೇಡಿಯೋ ದಿನವೂ ಹೇಳುತ್ತಿದ್ದಳು. ಕಿಟಕಿ ಬದಿಯ ಸಾಲಿನಲ್ಲಿ ಕೂರುತ್ತಿದ್ದ, ಬಾಯಿ ಮುಚ್ಚದ ಆ ದಪ್ಪ ಹೆಂಗಸಿಗೆ ಬೇರೆ ಹೆಸರು ಹೊಂದುತ್ತಲೂ ಇರಲಿಲ್ಲ. ಆರು ವರ್ಷದ ಹಿಂದೆ ನಲವತ್ತೆಂಟು ಜನವೂ ಸಹಿ ಹಾಕಿ, ಸೊಂಟದೆತ್ತರದ ಮೇಜು ಮತ್ತು ಕೂರಲು ಸ್ಟೂಲು ಕೊಡಿ ಎಂದು ಅರ್ಜಿ ಬರೆದಿದ್ದರು. ಪರಿಶೀಲನೆಯಲ್ಲಿದೆ ಎಂಬ ಉತ್ತರ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿತ್ತು.

ಮೇಜಿನ ಬದಲು ಸೂಜಿ ಬಂತು.

ಅಂಗಳದ ಆಚೆಗಿನ ಕಟ್ಟಡ ಅದೇ ಸಂಸ್ಥೆಯ ವೈದ್ಯ ವಿಭಾಗ. ಎರಡಕ್ಕೂ ಒಬ್ಬರೇ ಮುಖ್ಯಸ್ಥರು. ಅಕ್ಯುಪಂಕ್ಚರ್ ಸೂಜಿಯಿಂದ ಮೊಣಕಾಲು ನೋವು ಇಳಿಯುತ್ತದೆಯೇ ಎಂದು ಪರೀಕ್ಷೆ ಮಾಡಲು ಅವರಿಗೆ ನೋವಿರುವ ಜನ ಬೇಕಾಗಿದ್ದರು. ಇಡೀ ಊರು ಅಲೆದರೂ ಸಿಗದಷ್ಟು ನೋವು ತಮ್ಮದೇ ಅಂಗಳದಲ್ಲಿ ಸಾಲುಸಾಲಾಗಿ ಕೂತಿರುವುದು ಯಾರ ಕಣ್ಣಿಗೆ ಬಿತ್ತೋ, ಒಂದು ಬೆಳಿಗ್ಗೆ ಸೂಜಿ ಡಾಕ್ಟರು ಆರಿಸುವ ಕೋಣೆಗೆ ಬಂದರು. ಇನ್ನೂ ಮೂವತ್ತು ದಾಟದ ಹೆಂಗಸು, ಮಾತು ಮೆತ್ತಗೆ. ಅರ್ಧ ಜನಕ್ಕೆ ಒಳಗೆ ಇಳಿಯುವ ಸೂಜಿ, ಅರ್ಧ ಜನಕ್ಕೆ ಚರ್ಮ ಮುಟ್ಟಿ ಹಿಡಿಯೊಳಕ್ಕೆ ಸರಿದುಬಿಡುವ ಮೊಂಡು ಸೂಜಿ, ಯಾರಿಗೆ ಯಾವುದು ಎಂದು ಹೇಳುವುದಿಲ್ಲ, ಬೇಡ ಅನ್ನಿಸಿದವರು ಯಾವಾಗ ಬೇಕಾದರೂ ಬಿಡಬಹುದು ಎಂದು ನಿಧಾನವಾಗಿ ಓದಿ ಹೇಳಿದರು.

"ನಮ್ಮ ಮೊಳಕೆ ಪರೀಕ್ಷೆ ಥರಾನೇ ಅಲ್ವಾ ಡಾಕ್ಟ್ರೆ," ಎಂದಳು ಭೂತಗನ್ನಡಿ. "ಒಂದು ತಟ್ಟೆಗೆ ಮದ್ದು, ಒಂದು ತಟ್ಟೆಗೆ ಬರೀ ನೀರು. ಆಮೇಲೆ ಯಾವುದು ಚೆನ್ನಾಗಿ ಮೊಳೀತು ಅಂತ ನೋಡೋದು."

ಡಾಕ್ಟರ ಮುಖ ಅರಳಿತು. "ಅದೇ ಅಮ್ಮ. ಆದ್ರೆ ತನಗೆ ಏನು ಹಾಕಿದ್ರು ಅಂತ ಬೀಜ ಕಂಡುಹಿಡಿಯೋಕೆ ಹೋಗಲ್ಲ. ನೀವೂ ಹೋಗಬಾರದು, ಅಷ್ಟೆ."

ಎಲ್ಲರೂ ನಕ್ಕರು. ಎಲ್ಲರೂ ಒಪ್ಪಿದರು. ವಾರಕ್ಕೆರಡು ಸಲ ಅರ್ಧ ಗಂಟೆ ಕಾಲು ಚಾಚಿ ಮಲಗುವ ಭಾಗ್ಯ ಯಾರಿಗೆ ಬೇಡ.

ಎಂಟು ವಾರದ ಪ್ರಯೋಗ. ಒಬ್ಬೊಬ್ಬರ ಕೊರಳಿಗೂ ಒಂದು ನಂಬರಿನ ಕಾರ್ಡು. ಮಂಚದ ನಡುವೆ ಅಡ್ಡಲಾಗಿ ಹಸಿರು ಪರದೆ: ಡಾಕ್ಟರ ಮುಖ ನೋಡಿ ರೋಗಿ ಏನನ್ನೂ ಊಹಿಸಬಾರದಂತೆ. ಪರದೆಯ ಆಚೆ ತಲೆ, ಈಚೆ ಮೊಣಕಾಲು. ಕಾರ್ಡನ್ನು ಪರದೆಯ ಕೆಳಗೆ ಸರಿಸಿದರೆ ಡಾಕ್ಟರು ನಂಬರು ನೋಡಿ ಆ ನಂಬರಿನ ಡಬ್ಬಿ ತೆಗೆಯುತ್ತಿದ್ದರು. "ಈಗ ಸೂಜಿ ಇಡ್ತೀನಿ, ತೊಂದ್ರೆ ಆದ್ರೆ ಕೈ ಎತ್ತಿ" ಎನ್ನುವುದು ಬಿಟ್ಟು ಇನ್ನೊಂದು ಮಾತು ಆಡುವಂತಿರಲಿಲ್ಲ. ಕೊನೆಗೆ ಒಂದು ಹಾಳೆಯ ಮೇಲೆ, ನೋವು ಎಷ್ಟಿದೆ ಎಂದು ಸೊನ್ನೆಯಿಂದ ಹತ್ತರವರೆಗಿನ ಗೀಟಿನಲ್ಲಿ ಗುರುತು ಹಾಕಬೇಕು. ಭೂತಗನ್ನಡಿಗೆ ಹದಿನೇಳನೇ ನಂಬರು. ಅವಳ ಓರಗಿತ್ತಿಗೆ ಮೂವತ್ತೆರಡು.

ಓರಗಿತ್ತಿ ಎಂದರೆ ಮೈದುನನ ಹೆಂಡತಿ. ಒಂದೇ ಮನೆ, ಒಂದೇ ಒಲೆ, ಕೆಲಸದಲ್ಲೂ ಅಕ್ಕಪಕ್ಕದ ಚಾಪೆ. ವಯಸ್ಸಿನಲ್ಲಿ ಎಂಟು ವರ್ಷ ಚಿಕ್ಕವಳಾದರೂ ಮೊಣಕಾಲು ಅವಳದೇ ಹೆಚ್ಚು ಹಾಳಾಗಿತ್ತು. ಮೆಟ್ಟಿಲನ್ನು ಅಡ್ಡಡ್ಡ ಹತ್ತುತ್ತಿದ್ದಳು, ಏಡಿಯ ಹಾಗೆ.

ಮೂರನೇ ವಾರ ಊಟದ ಹೊತ್ತಿನಲ್ಲಿ ಡಬ್ಬಿ ಮುಚ್ಚುತ್ತಾ ಅವಳು ಗೊಣಗಿದಳು. "ನಂಗ್ಯಾಕೋ ಅವರು ಚುಚ್ತಾರೆ ಅಂತಾನೇ ಅನ್ಸಲ್ಲ ಅಕ್ಕ. ನೀನು ಭಾರ ಆಗ್ತದೆ, ಜುಮ್ಮಂತದೆ ಅಂತೀಯ. ನಂಗೆ ಇರುವೆ ಹರಿದಷ್ಟೂ ಇಲ್ಲ."

"ಎಲ್ಲಿ, ಕಾಲು ತೋರ್ಸು."

ಆಮೇಲೆ ನಡೆದದ್ದನ್ನು ಯಾರೂ ಯೋಚಿಸಿ ಮಾಡಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ ಅದರ ಪಾಡಿಗೆ ಅದು ಕೆಲಸ ಮಾಡಿತು. ಭೂತಗನ್ನಡಿ ಓರಗಿತ್ತಿಯ ಮೊಣಕಾಲನ್ನು ಬೆಳಕಿಗೆ ತಿರುಗಿಸಿದಳು. ಸೂಜಿ ಇಟ್ಟ ಜಾಗದಲ್ಲಿ, ಅದನ್ನು ಬೀಳದಂತೆ ನಿಲ್ಲಿಸುವ ಬಳೆ ಒತ್ತಿದ ಒಂದು ಮಾಸಲು ಉಂಗುರ, ನಡುವೆ ಏನೂ ಇಲ್ಲ. ತನ್ನ ಮೊಣಕಾಲಲ್ಲೂ ಉಂಗುರ ಇತ್ತು, ಆದರೆ ನಡುವೆ ಸಾಸಿವೆಯ ಕಣ್ಣಿನಷ್ಟು ಕೆಂಪು ಚುಕ್ಕಿ. ಅವಳು ಪಕ್ಕದವಳ ಸೆರಗು ಜಗ್ಗಿದಳು. "ನಿಂದೂ ತೋರ್ಸೆ." ಅವಳ ಪಕ್ಕದವಳದು. ಅದರಾಚೆಯವಳದು. ಯಾರೋ ಗಾಜು ತಂದರು. ಯಾರೋ ಎಡಕ್ಕೆ ಸರಿದರು, ಯಾರೋ ಬಲಕ್ಕೆ. ಗಂಟೆ ಬಾರಿಸುವ ಮೊದಲೇ ಕೋಣೆ ಎರಡು ಗುಂಪಾಗಿ ಒಡೆದು ನಿಂತಿತ್ತು.

"ತಳಿ ಎರಡೇ," ಎಂದು ರೇಡಿಯೋ ಕೂಗಿ ಹೇಳಿದಳು. "ಚೂಪು ಇಪ್ಪತ್ನಾಲ್ಕು, ಮೊಂಡು ಇಪ್ಪತ್ನಾಲ್ಕು. ಪೊಟ್ಟಣ ಕಟ್ಟೋದೊಂದು ಬಾಕಿ."

ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಗು ಇಳಿದ ಮೇಲೆ ಓರಗಿತ್ತಿ ತನ್ನ ಊದಿದ ಮೊಣಕಾಲನ್ನೇ ನೋಡುತ್ತಾ ಕೂತದ್ದು ಭೂತಗನ್ನಡಿಯ ಕಣ್ಣು ತಪ್ಪಲಿಲ್ಲ. ಮುಂದಿನ ಸರದಿಯ ದಿನ ಅಂಗಳ ದಾಟುವಾಗ ಅವಳು ತನ್ನ ಕಾರ್ಡು ತೆಗೆದು ಓರಗಿತ್ತಿಯ ಕೊರಳಿಗೆ ಹಾಕಿ, ಅವಳದನ್ನು ತಾನು ಹಾಕಿಕೊಂಡಳು.

"ಬೇಡ ಅಕ್ಕ, ಗೊತ್ತಾದ್ರೆ?"

"ಪರದೆ ಇದೆಯಲ್ಲ. ಸುಮ್ನೆ ಮಲ್ಕೊ."

ಅಕ್ಕ ಮಾಡಿದ್ದನ್ನು ಉಳಿದವರೂ ಮಾಡಿದರು. ಮಗಳು ಅಮ್ಮನಿಗೆ, ಗೆಳತಿ ಗೆಳತಿಗೆ. ಮಾರನೇ ವಾರದ ಹೊತ್ತಿಗೆ ಹದಿನೈದು ಜೋಡಿ ಕಾರ್ಡು ಅದಲುಬದಲಾಗಿದ್ದವು. ನೋವಿನ ಹಾಳೆಯ ಮೇಲೂ ಅದರ ನೆರಳು ಬಿತ್ತು. ಚೂಪು ಸಿಕ್ಕವರು, ಡಾಕ್ಟರಿಗೆ ಬೇಜಾರಾಗಬಾರದು, ಸೂಜಿ ನಿಲ್ಲಬಾರದು ಎಂದು ಎರಡು, ಮೂರು ಎಂದು ಗುರುತು ಹಾಕಿದರು. ಮೊಂಡು ಸಿಕ್ಕವರು ಸೇಡು ತೀರಿಸಿಕೊಂಡರು. "ಹತ್ತಕ್ಕೆ ಹತ್ತು ಹಾಕಿದೀನಿ," ಎಂದಳು ರೇಡಿಯೋ. "ಹನ್ನೊಂದು ಇರ್ಲಿಲ್ಲ, ಇದ್ದಿದ್ರೆ ಅದನ್ನೇ ಹಾಕ್ತಿದ್ದೆ."

ಯಾರಿಗೂ ಇದು ತಪ್ಪು ಅನ್ನಿಸಲಿಲ್ಲ. ಹೆಚ್ಚು ನೋವಿದ್ದವಳಿಗೆ ಒಳ್ಳೆಯ ಸೂಜಿ ಬಿಟ್ಟುಕೊಟ್ಟದ್ದು, ಅಷ್ಟೇ ತಾನೆ.

ಪ್ರಯೋಗ ಮುಗಿದು ಎರಡು ತಿಂಗಳ ಮೇಲೆ ಮುಖ್ಯಸ್ಥರು ತಾವೇ ಆರಿಸುವ ಕೋಣೆಗೆ ಬಂದರು. ಅಷ್ಟು ವರ್ಷದಲ್ಲಿ ಅವರು ಆ ಹೊಸ್ತಿಲು ದಾಟಿದ್ದು ಅದು ಮೂರನೇ ಸಲ. ಗುಮಾಸ್ತ ಒಂದು ದೊಡ್ಡ ಹಾಳೆಯನ್ನು ಗೋಡೆಗೆ ಅಂಟಿಸಿದ. ಮೇಲೆ ಎರಡು ಕಂಬ: ಒಂದು ಆಳೆತ್ತರ, ಇನ್ನೊಂದು ಗೇಣುದ್ದ.

"ನಿಜವಾದ ಸೂಜಿಯವರ ನೋವು ಎಷ್ಟು ಇಳಿದಿದೆ ನೋಡಿ, ಸುಳ್ಳು ಸೂಜಿಯವರದು ಎಷ್ಟು," ಎಂದರು. "ಇಷ್ಟು ಸ್ಪಷ್ಟವಾದ ಫಲಿತಾಂಶ ಬೇರೆ ಯಾರಿಗೂ ಸಿಕ್ಕಿಲ್ಲ. ಮುಂದಿನ ತಿಂಗಳು ಪರಿಶೀಲನಾ ಸಮಿತಿ ಬರುತ್ತೆ, ನಿಮ್ಮನ್ನೂ ಭೇಟಿ ಮಾಡುತ್ತೆ. ಎಲ್ಲ ನಿಮ್ಮ ಸಹಕಾರದಿಂದ."

ಒಬ್ಬಳು ಕೇಳಿದಳು. "ಸರ್, ನಮ್ಮ ಮೇಜಿನ ಅರ್ಜಿ?"

"ಇನ್ನು ಮೇಜು ಯಾಕಮ್ಮ?" ಮುಖ್ಯಸ್ಥರು ಕಂಬದ ಕಡೆ ಕೈ ಮಾಡಿ ನಕ್ಕರು. "ಮದ್ದೇ ಸಿಕ್ಕಿದೆಯಲ್ಲ. ವಾರಕ್ಕೆರಡು ಸಲ ಸೂಜಿ, ಕಾಯಂ. ಆ ಫೈಲು ಮುಗಿಸಿಬಿಟ್ಟೆ. ಚಿಕಿತ್ಸೆಯ ಏರ್ಪಾಡಾಗಿದೆ ಅಂತ ಬರೆದಿದೀನಿ."

ಭೂತಗನ್ನಡಿ ಗೋಡೆಯ ಮೇಲಿನ ಎರಡೂ ಕಂಬಗಳನ್ನು ನೋಡಿದಳು. ಗಿಡ್ಡ ಕಂಬದಲ್ಲಿ ರೇಡಿಯೋಳ ಸೇಡಿತ್ತು, ಎತ್ತರದ್ದರಲ್ಲಿ ಉಳಿದವರ ದಾಕ್ಷಿಣ್ಯವಿತ್ತು, ತಾನೇ ಕೈಯಾರೆ ಬದಲಾಯಿಸಿದ ಹದಿನೇಳನೇ ಕಾರ್ಡಿತ್ತು. ಕಂಬದ ಬುಡದಲ್ಲಿ ಓರಗಿತ್ತಿ ಒಂದು ಕೈ ನೆಲಕ್ಕೂರಿ ಏಳಲು ನೋಡುತ್ತಿದ್ದಳು. ಎರಡು ದಿನ ಹಗುರವಾಗಿ ಮೂರನೇ ದಿನ ಮತ್ತೆ ಸಿಮೆಂಟಿನ ಪಾಲಾದ ಅದೇ ಮೊಣಕಾಲು.  ಭೂತಗನ್ನಡಿ ತನಗೆ ಹೆದರಿಕೆ ಅಂದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಅದು ಸಿಟ್ಟು ಎಂದು ತಿಳಿಯಿತು.

ಅವಳು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಹಳದಿ ಚೀಟಿಯ ಕಟ್ಟು ತೆಗೆದಳು. ಒಂದು ಚೀಟಿ ಸಾಲಲಿಲ್ಲ. ಏಳು ಚೀಟಿ ಹಿಡಿಯಿತು. ಮೂರನೇ ವಾರದ ಎರಡನೇ ಸರದಿಯಿಂದ ಯಾವ ನಂಬರಿನ ಕಾರ್ಡು ಯಾರ ಕೊರಳಲ್ಲಿತ್ತು, ಗಾಜು ಹಿಡಿದು ಹೇಗೆ ಗುರುತು ಹಿಡಿದೆವು, ಹಾಳೆಯ ಮೇಲೆ ಯಾರು ಯಾಕೆ ಎಷ್ಟು ಬರೆದೆವು. ಉಳಿದವರನ್ನು ಕೇಳಿ ಕೇಳಿ ಬರೆದಳು, ಬೇಡ ಎಂದವರ ನಂಬರು ಬಿಟ್ಟಳು. ಕೊನೆಗೆ, ಯಾರ ಕೈ ಎನ್ನುವ ಜಾಗದಲ್ಲಿ, ಮೊದಲು ಬದಲಾಯಿಸಿದ್ದು ನನ್ನ ಕೈ ಎಂದು ಬರೆದು ಸಹಿ ಹಾಕಿದಳು.

ಮೊದಲು ಸೂಜಿ ಡಾಕ್ಟರ ಹತ್ತಿರ ಹೋದಳು. ಅವರು ಏಳೂ ಚೀಟಿ ಓದಿ ಕನ್ನಡಕ ತೆಗೆದರು.

"ಹದಿನೇಳನೇ ನಂಬರಿನ ಮೊಣಕಾಲಲ್ಲಿ ಒಂದು ಹಳೇ ಗಾಯದ ಕಲೆ ಇತ್ತು," ಎಂದರು. "ನಾಲ್ಕನೇ ವಾರ ನೋಡ್ತೀನಿ, ಅದು ಮಾಯ. ಸೂಜಿಯಿಂದ ಗಾಯದ ಕಲೆಯೂ ಹೋಗುತ್ತೆ ಅಂತ ಬರೀಬೇಕಿತ್ತು ನಾನು."

ಭೂತಗನ್ನಡಿ ತನ್ನ ಮೊಣಕಾಲು ಮುಟ್ಟಿಕೊಂಡಳು. ಬೀಜದ ಡಬ್ಬಿಯ ತಗಡು ಕೊಯ್ದ ಕಲೆ ಅಲ್ಲೇ ಇತ್ತು. "ನೋಡಿದ್ರಲ್ಲ, ಮತ್ತೆ ಯಾಕೆ ಸುಮ್ನಿದ್ರಿ?"

"ನೀವ್ಯಾಕೆ ಸುಮ್ನಿದ್ರಿ?"

ಭೂತಗನ್ನಡಿ ಚೀಟಿಗಳನ್ನು ಮತ್ತೆ ಜೋಡಿಸಿಕೊಂಡಳು.

"ಸೂಜಿ ಸುಳ್ಳು ಅಂತ ನಾನು ಹೇಳ್ತಿಲ್ಲ ಡಾಕ್ಟ್ರೆ. ಒಂದೆರಡು ದಿನ ಹಗುರ ಆಗಿದ್ದೂ ಉಂಟು. ಅದು ಸೂಜಿಯಿಂದಲೋ, ಅರ್ಧ ಗಂಟೆ ಕಾಲು ಚಾಚಿದ್ದರಿಂದಲೋ, ನಂಗೆ ಗೊತ್ತಿಲ್ಲ. ಈ ಕಂಬಕ್ಕಂತೂ ಗೊತ್ತಿಲ್ಲ."

"ಗೊತ್ತಾಗೋ ದಾರಿಯನ್ನೇ ನಾವು ಹಾಳು ಮಾಡಿದ್ವಿ," ಎಂದರು ಡಾಕ್ಟರು. 'ನೀವು' ಎನ್ನದೆ 'ನಾವು' ಎಂದದ್ದನ್ನು ಭೂತಗನ್ನಡಿ ಮನಸ್ಸಿನಲ್ಲಿ ಬೇರೆ ಎತ್ತಿಟ್ಟುಕೊಂಡಳು.

ಮುಖ್ಯಸ್ಥರ ಕೋಣೆಯಲ್ಲಿ ಮೇಜು ಎಷ್ಟು ದೊಡ್ಡದಿತ್ತೆಂದರೆ ಆರು ಜನ ಸುತ್ತ ನಿಂತು ಬೀಜ ಆರಿಸಬಹುದಿತ್ತು. ಅವರು ಚೀಟಿಗಳನ್ನು ಎರಡು ಸಲ ಓದಿದರು.

"ನೋಡಮ್ಮ, ನೀನು ಒಳ್ಳೆ ಕೆಲಸಗಾರ್ತಿ. ಇಂಥದ್ದಕ್ಕೆಲ್ಲ ಮೂಗು ತೂರಿಸಬೇಡ. ನಾಲ್ಕಾರು ಜನ ತಮಾಷೆಗೆ ಕಾರ್ಡು ಬದಲಾಯಿಸಿರಬಹುದು. ಅಂಥವರನ್ನ ಲೆಕ್ಕದಿಂದ ತೆಗೆದುಬಿಟ್ರೆ ಆಯ್ತು."

"ನಾಲ್ಕಾರು ಅಲ್ಲ ಸರ್, ಮೂವತ್ತು ಜನ. ಉಳಿದ ಹದಿನೆಂಟು ಜನಕ್ಕೂ ತಮ್ಮ ಸೂಜಿ ಯಾವುದು ಅಂತ ಗೊತ್ತಿತ್ತು. ತೆಗೀತಾ ಹೋದ್ರೆ ಕಂಬ ನಿಲ್ಲಿಸೋಕೆ ಯಾರೂ ಉಳಿಯಲ್ಲ."

"ಯಾರಿಗೂ ಗೊತ್ತಿರಲಿಲ್ಲ." ಮುಖ್ಯಸ್ಥರು ಡ್ರಾಯರಿನಿಂದ ಕಾಗದದ ಕಟ್ಟು ತೆಗೆದು ಮುಂದಿಟ್ಟರು. ಯಾವ ಸೂಜಿ ಎಂದು ನನಗೆ ತಿಳಿದಿರಲಿಲ್ಲ, ನನ್ನ ಕಾರ್ಡನ್ನು ನಾನು ಯಾರಿಗೂ ಕೊಟ್ಟಿಲ್ಲ ಎಂದು ಅಚ್ಚು ಹಾಕಿದ ನಲವತ್ತೆಂಟು ಹಾಳೆ. ಸುದ್ದಿ ಅವರ ಕಿವಿಗೆ ಮೊದಲೇ ಬಿದ್ದಿತ್ತು, ಇಲ್ಲದಿದ್ದರೆ ಹಾಳೆಗಳು ತಯಾರಿರುತ್ತಿರಲಿಲ್ಲ. "ಸೋಮವಾರದೊಳಗೆ ಎಲ್ಲರ ಸಹಿ ಆಗಲಿ. ಬೀಜ ಆರಿಸೋ ಯಂತ್ರದ ಪ್ರಸ್ತಾಪ ಮೇಲಿಂದ ಬಂದು ಒಂದು ವರ್ಷ ಆಯ್ತು. ನಾನೇ ತಡೆದು ಹಿಡಿದಿದೀನಿ. ಅರ್ಥ ಆಯ್ತಲ್ಲ?"

ಅರ್ಥವಾಯಿತು.  ಆದರೂ ಬಾಯಿಗೆ ಬಂದ ಮಾತು ಬಂದೇ ಬಂತು.

"ಬೀಜದಲ್ಲಿ ಬೇರೆಯಾಗಿ ಕಂಡದ್ದನ್ನ ಎಸೀಬೇಡಿ ಅಂತ ಗೋಡೆ ಮೇಲೆ ನೀವೇ ಬರೆಸಿದ್ರಿ ಸರ್. ಜನರಲ್ಲಿ ಬೇರೆ ಕಂಡ್ರೆ ಲೆಕ್ಕದಿಂದ ತೆಗೀರಿ ಅಂತೀರಿ. ಒಂದೇ ತಲೇಲಿ ಎರಡೂ ಹೇಗೆ ಇಟ್ಕೊಂಡಿದೀರಿ?"

"ಹೊರಗೆ ನಡಿ," ಎಂದರು ಮುಖ್ಯಸ್ಥರು.

ಚೀಟಿಗಳನ್ನು ಅವರು ಹರಿದು ಬುಟ್ಟಿಗೆ ಹಾಕಿದ್ದು ಬಾಗಿಲು ದಾಟುವ ಮೊದಲೇ ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ. ಬೆರಕೆ ಚೀಟಿಯ ಕಟ್ಟಿನಲ್ಲಿ ಪ್ರತಿ ಚೀಟಿಯ ಕೆಳಗೂ ಒಂದು ಕಾರ್ಬನ್, ಅದರಡಿ ಇನ್ನೊಂದು ಹಳದಿ ಚೀಟಿ ಇರುತ್ತದೆ ಎಂಬುದು ನೆಲದ ಮೇಲೆ ಕೂತು ಕೆಲಸ ಮಾಡದವರಿಗೆ ತಿಳಿಯುವುದು ಹೇಗೆ.

ಆ ಸಂಜೆ ಮನೆಯಲ್ಲಿ ಮೈದುನ ಊಟದ ತಟ್ಟೆ ಪಕ್ಕಕ್ಕೆ ಸರಿಸಿದ. ಬಸ್ಸು ಓಡಿಸುವವನು, ಅತ್ತಿಗೆಗೆ ಎದುರಾಡಿದವನಲ್ಲ.

"ಅತ್ತಿಗೆ, ಒಂದು ಸಹಿ ತಾನೆ. ಹಾಕಿಬಿಡಿ. ಮನೆಯಲ್ಲಿ ಎರಡು ಕೆಲಸ ಒಟ್ಟಿಗೆ ಹೋದ್ರೆ ಗತಿ ಏನು?"

"ನಿನ್ನ ಬಸ್ಸಿಗೆ ಬ್ರೇಕು ಸರಿ ಇಲ್ಲ ಅಂತ ನಿನಗೆ ಗೊತ್ತಿದ್ದು, ಸರಿ ಇದೆ ಅಂತ ಸಹಿ ಹಾಕ್ತೀಯಾ?"

"ಬಸ್ಸು ಬೇರೆ ಅತ್ತಿಗೆ. ಜನ ಸಾಯ್ತಾರೆ."

"ಇಲ್ಲಿ ಸಾಯಲ್ಲ, ಕುಂಟ್ತಾರೆ. ಅಷ್ಟೇ ವ್ಯತ್ಯಾಸ. ಈ ಕಾಗದ ನೋಡಿಕೊಂಡು ನಾಳೆ ಇನ್ನೆಲ್ಲೋ ಇನ್ಯಾರೋ ಮೇಜು ಕೇಳಿದವರ ಕೈಗೆ ಸೂಜಿ ಕೊಡ್ತಾರೆ. ಅದಕ್ಕೆ ನನ್ನ ಕೈ ಸೇರಿರೋದು ಬೇಡ."

ಮೈದುನ ಹೆಂಡತಿಯ ಮುಖ ನೋಡಿದ. ಓರಗಿತ್ತಿ ಪಾತ್ರೆ ತೊಳೆಯುತ್ತಾ, ತಿರುಗದೆಯೇ ಹೇಳಿದಳು. "ನನ್ನ ಮುಖ ಏನು ನೋಡ್ತೀರಿ? ಅವಳ ಸೂಜಿ ಚುಚ್ಚಿಸಿಕೊಂಡವಳು ನಾನು. ಅವಳಿಗೆ ಹೋದ ಕೆಲಸ ನಂಗೆ ಉಳಿದ್ರೆ ಅದನ್ನ ಇಟ್ಕೊಂಡು ಏನು ಮಾಡ್ಲಿ?"

ಸೋಮವಾರದ ಹೊತ್ತಿಗೆ ನಲವತ್ತೆಂಟರಲ್ಲಿ ಹನ್ನೊಂದು ಹಾಳೆಗೆ ಸಹಿ ಬಿತ್ತು. ಮೂವತ್ತೇಳು ಖಾಲಿ ಉಳಿದವು. ಸಹಿ ಹಾಕಿದವರಲ್ಲಿ ರೇಡಿಯೋ ಕೂಡ ಇದ್ದಳು. ಮೂರು ದಿನ ಅವಳ ಬಾಯಿಗೆ ಬೀಗ ಬಿದ್ದಿತ್ತು. ಆ ಕಿಟಕಿಯ ಬದಿಯ ಮೌನವನ್ನು ಯಾರಿಂದಲೂ ತಡೆಯಲಾಗಲಿಲ್ಲ. ಭೂತಗನ್ನಡಿ ಮಾತ್ರ ಎಂದಿನಂತೆ ಡಬ್ಬಿ ತೆಗೆದುಕೊಂಡು ಹೋಗಿ ಅವಳ ಪಕ್ಕ ಕೂತು ಊಟ ಮಾಡಿದಳು.

"ನನ್ನ ಗಂಡನ ಔಷಧಿ ಈ ಸಂಸ್ಥೆಯಿಂದಲೇ ಬರೋದು ಅಕ್ಕ," ಎಂದಳು ರೇಡಿಯೋ, ತಗ್ಗಿದ ದನಿಯಲ್ಲಿ.

"ಗೊತ್ತು. ಊಟ ಮಾಡು."

ಸಮಿತಿ ಬರುವ ಬೆಳಿಗ್ಗೆ ಆರಿಸುವ ಕೋಣೆಯನ್ನು ತೊಳೆದು, ನಡುವೆ ಒಂದು ಮೇಜು ತಂದಿಟ್ಟರು. ಹೌದು, ಮೇಜು. ಸೊಂಟದೆತ್ತರದ್ದೇ. ಅದರ ಮೇಲೆ ಗಾಜಿನ ಬಟ್ಟಲುಗಳಲ್ಲಿ ಬಣ್ಣಬಣ್ಣದ ಬೀನ್ಸ್ ತಳಿಗಳು, ಪಕ್ಕದಲ್ಲಿ ದಪ್ಪ ರಟ್ಟಿನ ಪ್ರಯೋಗ ವರದಿ. ಹೆಂಗಸರು ಎಂದಿನಂತೆ ಕೆಳಗೆ ಚಾಪೆಯ ಮೇಲೆ.

ಭೂತಗನ್ನಡಿ ಎದ್ದು ಹೋಗಿ, ವರದಿಯ ಬೆನ್ನಿಗೆ ಹೊಲಿದ ದಾರದೊಳಗೆ ಚೀಲ ಕಟ್ಟುವ ಹುರಿ ತೂರಿಸಿ, ಏಳು ಹಳದಿ ಚೀಟಿಗಳನ್ನು ಗಂಟು ಹಾಕಿದಳು. ಎರಡು ಗಂಟು, ಜಾರದ ಹಾಗೆ.

ಗುಮಾಸ್ತ ಓಡಿ ಬಂದ. "ಏನಮ್ಮ ಇದು?"

"ಚೀಟಿ ಕಟ್ತಿದೀನಿ. ಇದು ಬೆರಕೆ ಚೀಲ."

"ಬಿಚ್ಚಮ್ಮ, ಸಾಹೇಬರು ನನ್ನ ತಲೆ ತೆಗೀತಾರೆ."

"ಬಿಚ್ಚೋದಾದ್ರೆ ನೀನೇ ಬಿಚ್ಚು. ಬಿಚ್ಚಿದ್ದು ಯಾರ ಕೈ ಅಂತ ಇನ್ನೊಂದು ಚೀಟಿ ಬರೀತೀನಿ."

ಅವನು ಹುರಿಯ ಮೇಲೆ ಕೈ ಇಟ್ಟ. ನಲವತ್ತೇಳು ಹೆಂಗಸರು ಅವನ ಬೆರಳುಗಳನ್ನೇ ನೋಡುತ್ತಿದ್ದರು, ಬೀಜ ನೋಡುವ ಹಾಗೆ. ಅವನು ಕೈ ತೆಗೆದ. ಅಷ್ಟರಲ್ಲಿ ಸಮಿತಿ ಒಳಗೆ ಬಂತು.

ಮೂರು ಜನ. ಅವರಲ್ಲಿ ಹಿರಿಯರು ನರೆಗೂದಲಿನ ಹೆಂಗಸು, ನಡೆದು ನಡೆದು ಸವೆದ ಚಪ್ಪಲಿ. ಮುಖ್ಯಸ್ಥರು ಬಟ್ಟಲುಗಳ ಬಗ್ಗೆ ಹೇಳುತ್ತಿರುವಾಗಲೇ ಆಕೆ ವರದಿ ಎತ್ತಿಕೊಂಡರು. ಚೀಟಿಗಳು ಜೋತಾಡಿದವು. ಮುಖ್ಯಸ್ಥರ ಮಾತು ನಡುವಲ್ಲೇ ಕಡಿಯಿತು. ಆಕೆ ನಿಂತಲ್ಲೇ ಏಳೂ ಚೀಟಿ ಓದಿದರು. ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ.

"ಇದನ್ನ ಬರೆದವರು ಯಾರು?"

"ಅದು ಮೇಡಂ, ಒಬ್ಬಳು ಕೆಲಸದವಳು, ಸ್ವಲ್ಪ..." ಎಂದು ಮುಖ್ಯಸ್ಥರು ಶುರು ಮಾಡಿದರು.

ಭೂತಗನ್ನಡಿ ತನ್ನ ಚಾಪೆಯಿಂದ ಎದ್ದಳು. ಎದ್ದಾಗ ಅವಳ ಮೊಣಕಾಲು ಲಟಕ್ಕೆಂದದ್ದು ಫ್ಯಾನಿನ ಸದ್ದನ್ನೂ ಮೀರಿ ಕೇಳಿಸಿತು. "ನಾನು ಮೇಡಂ. ಹದಿನೇಳನೇ ನಂಬರು. ಮೂರನೇ ವಾರದಿಂದ ಮೂವತ್ತೆರಡು."

ಪಕ್ಕದಲ್ಲಿ ಲಟಕ್. "ಮೂವತ್ತೆರಡು ನಾನು. ಆಮೇಲೆ ಹದಿನೇಳು." ಓರಗಿತ್ತಿ ಗೋಡೆ ಹಿಡಿದು ನಿಂತಿದ್ದಳು.

ಹಿಂದಿನ ಸಾಲಿನಲ್ಲಿ ಲಟಕ್. ಬಾಗಿಲ ಬಳಿ ಇನ್ನೊಂದು. ಆಮೇಲೆ ಎಣಿಸುವಂತಿರಲಿಲ್ಲ, ಒಣಕಡ್ಡಿಯ ಹೊರೆಯನ್ನು ಯಾರೋ ಒಂದೊಂದಾಗಿ ಮುರಿಯುತ್ತಿರುವ ಹಾಗೆ ಸದ್ದು ಸಾಲಿನಿಂದ ಸಾಲಿಗೆ ಹರಿಯಿತು. ಸಮಿತಿಯ ಕಿರಿಯ ಸದಸ್ಯ ಎರಡು ಹೆಜ್ಜೆ ಹಿಂದೆ ಸರಿದ. ಕಿಟಕಿಯ ಬದಿಯಲ್ಲಿ ಒಬ್ಬಳು ಇನ್ನೂ ಕೂತಿದ್ದಳು. ಯಾರೂ ಅತ್ತ ತಿರುಗಲಿಲ್ಲ, ತಿರುಗಬಾರದೆಂದು ಅವರಿಗೆ ಗೊತ್ತಿತ್ತು. ಕೊನೆಗೆ ಆ ಮೂಲೆಯಿಂದಲೂ ಸದ್ದು ಬಂತು, ಎಲ್ಲಕ್ಕಿಂತ ಜೋರಾಗಿ.

"ನನ್ನ ಸಹಿ ಆ ಹಾಳೆಯಲ್ಲಿದೆ ಮೇಡಂ," ಎಂದಳು ರೇಡಿಯೋ. "ಅದು ಕೈ ತಪ್ಪು. ನನಗೂ ಒಂದು ಹಳದಿ ಚೀಟಿ ಕೊಡಿ ಯಾರಾದ್ರೂ."

ಬಾಗಿಲಲ್ಲಿ ಸೂಜಿ ಡಾಕ್ಟರು ನಿಂತಿದ್ದರು. ಯಾವಾಗ ಬಂದರೋ. "ನನಗೂ ಒಂದು," ಎಂದರು. "ನಾಲ್ಕನೇ ವಾರ ನೋಡಿಯೂ ಬರೆಯದೇ ಇದ್ದದ್ದು ನನ್ನ ಕೈ."

ಮುಖ್ಯಸ್ಥರು ಎರಡೂ ಕೈ ಮೇಲೆತ್ತಿದರು. "ಎಲ್ಲರೂ ಕೂತ್ಕೊಳ್ಳಿ. ಆಮೇಲೆ ಮಾತಾಡೋಣ. ಕೂತ್ಕೊಳ್ಳಿ ಅಂದೆ."

"ಇಲ್ಲ ಸರ್," ಎಂದಳು ಭೂತಗನ್ನಡಿ. ದನಿ ಏರಿಸಲಿಲ್ಲ. "ಇಪ್ಪತ್ತೆರಡು ವರ್ಷ ಕೂತಿದ್ದಾಯ್ತು. ಇನ್ನು ಮೇಜು ಬರೋವರೆಗೆ ಯಾರೂ ಕೂರಲ್ಲ." ಆಮೇಲೆ ನರೆಗೂದಲಿನಾಕೆಯ ಕಡೆ ತಿರುಗಿ, ಗಾಜಿನ ಬಟ್ಟಲುಗಳಿದ್ದ ಮೇಜಿನ ಮೇಲೆ ಅಂಗೈ ಇಟ್ಟಳು. "ಇಷ್ಟೇ ಎತ್ತರ ಮೇಡಂ. ಬೇಕಾದ್ರೆ ಅಳತೆ ಬರ್ಕೊಳ್ಳಿ. ಆಮೇಲೆ ಸೂಜಿ ಪರೀಕ್ಷೆ ಹೊಸದಾಗಿ ಮಾಡಿ. ನಾವೇ ಬರ್ತೀವಿ. ಈ ಸಲ ಒಬ್ಬರ ಕಾಲು ಒಬ್ಬರು ನೋಡಲ್ಲ ಅಂತ ಮಾತು ಕೊಡ್ತೀವಿ."

 ಆಕೆ ಚೀಟಿಗಳನ್ನು ಬಿಚ್ಚಲಿಲ್ಲ. ವರದಿಯನ್ನು ಹಾಗೆಯೇ, ಜೋತಾಡುವ ಹಳದಿ ಬಾಲದ ಸಮೇತ, ಕಂಕುಳಲ್ಲಿ ಇರಿಸಿಕೊಂಡು ಹೊರಟರು.

ಮರುದಿನ ಬೆಳಿಗ್ಗೆ ಚಾಪೆಗಳನ್ನು ಸುತ್ತಿ ಮೂಲೆಗೆ ಒರಗಿಸಿದರು. ತಟ್ಟೆಗಳು ಕಿಟಕಿಯ ಕಟ್ಟೆ ಏರಿದವು, ಕಪಾಟಿನ ತಲೆ ಏರಿದವು, ಒಂದರ ಮೇಲೊಂದು ಪೇರಿಸಿದ ಬೀಜದ ಪೆಟ್ಟಿಗೆಗಳ ಮೇಲೆ ಏರಿದವು. ನಲವತ್ತೆಂಟು ಜನ ನಿಂತೇ ಆರಿಸಿದರು. ಹತ್ತು ಗಂಟೆಗೆ ಗುಮಾಸ್ತ ಭೂತಗನ್ನಡಿಯ ಹೆಸರಿಗೆ ಒಂದು ನೋಟೀಸು ತಂದ. ಪ್ರಯೋಗ ಕೆಡಿಸಿದ್ದಕ್ಕೆ ನಿನ್ನನ್ನು ಕೆಲಸದಿಂದ ಏಕೆ ತೆಗೆಯಬಾರದು, ಏಳು ದಿನದೊಳಗೆ ಉತ್ತರಿಸು. ಅವಳು ಓದಿ, ಮೂಲೆಯಲ್ಲಿ ತಾರೀಖು ಮತ್ತು ಸಿಕ್ಕ ಹೊತ್ತು ಬರೆದು, ತೂತು ಮಾಡಿ, ಕಿಟಕಿಯ ಸರಳಿಗೆ ಹುರಿಯಿಂದ ಕಟ್ಟಿದಳು. ಎಲ್ಲರಿಗೂ ಕಾಣುವ ಹಾಗೆ. ಆಮೇಲೆ ಮತ್ತೆ ತಟ್ಟೆಗೆ ಕೈ ಹಾಕಿದಳು.

ಮಧ್ಯಾಹ್ನದ ಹೊತ್ತಿಗೆ ಓರಗಿತ್ತಿ ಪಕ್ಕದಿಂದ ಪಿಸುಗುಟ್ಟಿದಳು.

"ಅಕ್ಕ, ನಿಂತೂ ನಿಂತೂ ಈಗ ಸೊಂಟ ಶುರುವಾಯ್ತು."

"ಎಷ್ಟು ಹೊತ್ತಿಗೆ ಶುರುವಾಯ್ತು?"

"ಹನ್ನೊಂದೂವರೆಗಿರಬೇಕು. ಯಾಕೆ?"

ಭೂತಗನ್ನಡಿ ಬೀಜದಿಂದ ಕಣ್ಣು ತೆಗೆಯದೆ ಚೀಟಿಯ ಕಟ್ಟನ್ನು ಅವಳ ಕಡೆ ಸರಿಸಿದಳು. "ಅದನ್ನೂ ಬರಿ."